ತಮ್ಮ ಕೆನಡಾಗೆ ಹೊರಟಿದ್ದಾನೆ, ಅಪ್ಪ ಗದ್ದೆ ಮಾರಲು ನಿಂತಿದ್ದಾರೆ. ಏನು ಮಾಡುವುದು?

ಪಾಂಡವಪುರದ ಅಕ್ಕ
ಎಲ್ಲರಿಗೂ ನಮಸ್ಕಾರ. ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ. ನಾನು ಮದುವೆಯಾಗಿ ಮೈಸೂರಿನಲ್ಲಿದ್ದೇನೆ. ತಮ್ಮ ಮೆಕ್ಯಾನಿಕಲ್ ಬಿಇ ಮುಗಿಸಿ ಎರಡು ವರ್ಷ ಆಯಿತು. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹದಿನೆಂಟು ಸಾವಿರ ಸಂಬಳಕ್ಕೆ ದುಡಿಯುತ್ತಿದ್ದಾನೆ. ಈಗ ಕೆನಡಾಗೆ ಹೋಗಲೇಬೇಕು ಅಂತ ಹಟ ಹಿಡಿದು ಕೂತಿದ್ದಾನೆ. ಮೈಸೂರಿನ ಒಂದು ಕನ್ಸಲ್ಟೆನ್ಸಿಯವರು ಎರಡು ವರ್ಷ ಡಿಪ್ಲೊಮಾ, ಆಮೇಲೆ ಕೆಲಸ, ಆಮೇಲೆ ಪಿಆರ್ (ಅಲ್ಲೇ ಕಾಯಂ ನೆಲೆಸುವ ಅನುಮತಿ) ಅಂತ ಒಂದು ಹಾಳೆಯಲ್ಲಿ ಬಾಣ ಹಾಕಿ ಬರೆದುಕೊಟ್ಟಿದ್ದಾರೆ. ಆ ಹಾಳೆಯನ್ನು ಅವನು ಬೀರುವಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾನೆ. ಒಟ್ಟು ಮೂವತ್ತೆರಡು ಲಕ್ಷ ಬೇಕಂತೆ.

ಅಪ್ಪನಿಗೆ ಇರುವುದು ಎರಡೂವರೆ ಎಕರೆ. ಅದರಲ್ಲಿ ನಾಲೆ ನೀರು ಹಾಯುವ ಗದ್ದೆ ಒಂದೇ ಎಕರೆ, ಉಳಿದದ್ದು ಹೊಲ. 2023ರಲ್ಲಿ ಕೆಆರ್‌ಎಸ್ ತುಂಬಲಿಲ್ಲ, ನಾಲೆಯಲ್ಲಿ ನೀರಿಲ್ಲದೆ ಕಬ್ಬು ಕಣ್ಣೆದುರೇ ಒಣಗಿತು. ಆವತ್ತಿನಿಂದ ಅಪ್ಪನದು ಒಂದೇ ಮಾತು: "ನನ್ನ ಪಾಡು ಅವನಿಗೆ ಬೇಡ, ಆಚೆ ಹೋಗಲಿ." ಎಕ್ಸ್‌ಪ್ರೆಸ್ ವೇ ಆದಮೇಲೆ ಬೆಂಗಳೂರಿನವರು ಕಾರಿನಲ್ಲಿ ಬಂದು ಜಮೀನು ಇದೆಯಾ ಅಂತ ಕೇಳುವುದು ಜಾಸ್ತಿ ಆಗಿದೆ. ಹೋದ ವಾರ ಒಬ್ಬರಿಗೆ ಅಪ್ಪ ಪಹಣಿ ತೋರಿಸಿದ್ದಾರೆ. ಅಮ್ಮ ಊಟ ಬಿಟ್ಟಿದ್ದಾರೆ.

ಹೊರಗೆ ಇರುವವರು ದಯವಿಟ್ಟು ನಿಜ ಹೇಳಿ. ಊರಿಗೆ ರಜಕ್ಕೆ ಬಂದಾಗ ಯಾರೂ ಏನೂ ಹೇಳುವುದಿಲ್ಲ. ಚಾಕಲೇಟ್ ಕೊಟ್ಟು ಹೋಗುತ್ತಾರೆ.

ಕಬ್ಬಿನ ಗಾಡಿ
ಗದ್ದೆ ಮಾರಬೇಡಿ. ಅಷ್ಟೇ.

ಸಿದ್ಧಾರ್ಥನಗರ
ಅಷ್ಟೇ ಅಂದರೆ ಹೇಗಣ್ಣ? ಹದಿನೆಂಟು ಸಾವಿರದಲ್ಲಿ ಮೈಸೂರಿನಲ್ಲಿ ರೂಮ್ ಬಾಡಿಗೆ, ಊಟ, ಪೆಟ್ರೋಲ್ ಕಳೆದರೆ ಏನು ಉಳಿಯುತ್ತೆ? ಹುಡುಗ ಆಸೆ ಪಟ್ಟಿದ್ದರಲ್ಲಿ ತಪ್ಪೇನಿದೆ? ದುಡ್ಡು ಹೊಂದಿಸುವ ದಾರಿ ಹೇಳಿ, ಸುಮ್ನೆ ಬೇಡ ಅನ್ನಬೇಡಿ.

ಬ್ರಾಂಪ್ಟನ್‌ನಲ್ಲಿ ಕೆ.ಆರ್. ಪೇಟೆ
ಅಕ್ಕ, ನಾನು 2022ರಲ್ಲಿ ಇಲ್ಲಿಗೆ, ಕೆನಡಾಗೆ ಬಂದವನು. ನನ್ನದೂ ಇದೇ ಕಥೆ. ಬಿಇ, ಸಣ್ಣ ಸಂಬಳ, ಕನ್ಸಲ್ಟೆನ್ಸಿ, ಡಿಪ್ಲೊಮಾ. ಆದ್ದರಿಂದ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ವರ್ಷ ಒಂದು ಮನೆಯ ಬೇಸ್‌ಮೆಂಟ್‌ನಲ್ಲಿ ಐದು ಜನ ಇದ್ದೆವು. ಕಿಟಕಿ ಅಂದರೆ ಚಾವಣಿ ಹತ್ತಿರ ಒಂದು ಗೇಣಿನ ಗಾಜು. ಹಿಮ ಬಿದ್ದ ದಿನ ಅದೂ ಮುಚ್ಚಿಹೋಗುತ್ತಿತ್ತು. ಗೋದಾಮಿನಲ್ಲಿ ರಾತ್ರಿ ಪಾಳಿ. ಬೆಳಗಿನ ಜಾವ ಬಸ್ಸಿಗೆ ನಿಂತರೆ ಬೂಟಿನೊಳಗೆ ನೀರು ಇಳಿಯುತ್ತಿತ್ತು. ಹೊಸ ಬೂಟಿಗೆ ದುಡ್ಡಿರಲಿಲ್ಲ. ಕೆಲಸದಲ್ಲಿದ್ದ ಒಬ್ಬ ಅಜ್ಜ, ಬ್ರೆಡ್ಡಿನ ಪ್ಲಾಸ್ಟಿಕ್ ಕವರನ್ನು ಕಾಲುಚೀಲದ ಮೇಲೆ ಹಾಕಿಕೊಂಡು ಬೂಟು ಹಾಕು ಅಂತ ಹೇಳಿಕೊಟ್ಟರು. ಒಂದು ಚಳಿಗಾಲ ಪೂರ್ತಿ ಹಾಗೇ ಕಳೆದೆ. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಯಾಕೆ ಹೇಳಲ್ಲ ಗೊತ್ತಾ ಅಕ್ಕ? ಅಪ್ಪ ಸಾಲ ಮಾಡಿ ಕಳಿಸಿರುತ್ತಾರೆ. ಕಷ್ಟ ಅಂದರೆ ಅವರು ನಿದ್ದೆ ಬಿಡುತ್ತಾರೆ. ಅದಕ್ಕೇ ಚಾಕಲೇಟ್ ಕೊಟ್ಟು ಸುಮ್ಮನಾಗುತ್ತೇವೆ.

ಈಗ ನಿಯಮದ ವಿಷಯ. ನಾನು ಬಂದಾಗ ಜೀವನ ಖರ್ಚಿಗೆ ಅಂತ 10,000 ಡಾಲರ್ ತೋರಿಸಿದರೆ ಸಾಕಿತ್ತು. 2024ರ ಜನವರಿಯಿಂದ ಅದು 20,635 ಆಯಿತು, 2025ರ ಸೆಪ್ಟೆಂಬರ್‌ನಿಂದ 22,895. ವಿದ್ಯಾರ್ಥಿಗಳ ಸಂಖ್ಯೆಗೂ 2024ರಿಂದ ಮಿತಿ ಹಾಕಿದ್ದಾರೆ. ತರಗತಿ ನಡೆಯುವಾಗ ವಾರಕ್ಕೆ 24 ಗಂಟೆ ಮಾತ್ರ ಕೆಲಸ ಮಾಡಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು, ಓದಿದ ಮೇಲೆ ಸಿಗುವ ವರ್ಕ್ ಪರ್ಮಿಟ್ ಈಗ ಎಲ್ಲಾ ಡಿಪ್ಲೊಮಾಗೂ ಸಿಗುವುದಿಲ್ಲ. 2024ರ ನವೆಂಬರ್‌ನಿಂದ ಓದುವ ಪರ್ಮಿಟ್‌ಗೆ ಅರ್ಜಿ ಹಾಕಿದ ಕಾಲೇಜು ಡಿಪ್ಲೊಮಾದವರು, ಸರ್ಕಾರ ಪಟ್ಟಿ ಮಾಡಿದ ವಿಷಯಗಳಲ್ಲೇ ಓದಿರಬೇಕು. ತಮ್ಮನ ಕೋರ್ಸ್ ಆ ಪಟ್ಟಿಯಲ್ಲಿ ಇದೆಯಾ? ಮೊದಲು ಅದನ್ನು ಕೇಳಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಬೀರುವಿನ ಮೇಲಿನ ಆ ಮೊದಲ ಬಾಣವೇ ಮುರಿದುಹೋಯಿತು. ಕೊನೆಯ ಬಾಣವೂ ಅಷ್ಟೇ. ಹಿಂದಿನ ಯೋಜನೆಯಲ್ಲಿ 2025ಕ್ಕೆ 5 ಲಕ್ಷ ಜನರಿಗೆ ಪಿಆರ್ ಕೊಡುತ್ತೇವೆ ಅಂದಿದ್ದವರು ಆಮೇಲೆ 3,95,000ಕ್ಕೆ ಇಳಿಸಿದರು. ಪಿಆರ್ ಗ್ಯಾರಂಟಿ ಅಂತ ಯಾರೇ ಹೇಳಿದರೂ ನಂಬಬೇಡಿ.

ಪಾಂಡವಪುರದ ಅಕ್ಕ
@ಬ್ರಾಂಪ್ಟನ್ ಓದಿ ಅಳು ಬಂತು ತಮ್ಮ. ಕೋರ್ಸ್ "ಗ್ಲೋಬಲ್ ಬಿಸಿನೆಸ್ ಮ್ಯಾನೇಜ್‌ಮೆಂಟ್" ಅಂತ ಇದೆ. ಪಟ್ಟಿಯ ವಿಷಯ ಕನ್ಸಲ್ಟೆನ್ಸಿಯವರು ಒಂದು ಮಾತೂ ಹೇಳಿಲ್ಲ.

ಬ್ರಾಂಪ್ಟನ್‌ನಲ್ಲಿ ಕೆ.ಆರ್. ಪೇಟೆ
ಮೆಕ್ಯಾನಿಕಲ್ ಓದಿದವನಿಗೆ ಬಿಸಿನೆಸ್ ಡಿಪ್ಲೊಮಾ ಯಾಕಕ್ಕ? ಅವರಿಗೆ ಕಾಲೇಜಿನಿಂದ ಕಮಿಷನ್ ಬರುತ್ತದೆ, ಎಲ್ಲಿ ಸೀಟು ಇದೆಯೋ ಅಲ್ಲಿಗೆ ತಳ್ಳುತ್ತಾರೆ. ಕೆನಡಾ ಸರ್ಕಾರದ ವೆಬ್‌ಸೈಟಿನಲ್ಲೇ ಪಟ್ಟಿ ಇದೆ. ತಮ್ಮನೇ ಕೂತು ಹುಡುಕಲಿ.

ಹಳೇ ಮೈಸೂರು
ನನಗೆ ಒಂದೇ ಪ್ರಶ್ನೆ. ಎಲ್ಲರೂ ಹೊರಟರೆ ಇಲ್ಲಿ ಉಳಿಯುವವರು ಯಾರು? 2023 ಒಂದೇ ವರ್ಷದಲ್ಲಿ 2,16,219 ಜನ ಭಾರತದ ಪೌರತ್ವ ಬಿಟ್ಟಿದ್ದಾರೆ, ಸರ್ಕಾರವೇ ಸಂಸತ್ತಿನಲ್ಲಿ ಹೇಳಿದ ಲೆಕ್ಕ. ಇಲ್ಲಿನ ತೆರಿಗೆಯಲ್ಲಿ ಓದಿ ಇನ್ನೊಂದು ದೇಶ ಕಟ್ಟುವುದು ನ್ಯಾಯವೇ?

ಮಳವಳ್ಳಿ ಹುಡುಗ
ಸಾರ್, ನ್ಯಾಯದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 2023ರ ಫೆಬ್ರವರಿಯಲ್ಲಿ ನಮ್ಮ ಮಂಡ್ಯದ ಮದುವೆಯಾಗದ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು, ನೆನಪಿದೆಯಾ? ಟಿವಿಯಲ್ಲಿ ಎಲ್ಲರೂ ನಗುತ್ತಾ ತೋರಿಸಿದರು. ನಗುವ ವಿಷಯ ಅಲ್ಲ ಅದು. ಭೂಮಿ ಇದೆ, ದುಡಿಯುವ ಮೈ ಇದೆ, ಆದರೂ ರೈತ ಅಂದ ತಕ್ಷಣ ಹೆಣ್ಣು ಕೊಡುವುದಿಲ್ಲ. ಅದೇ ಹುಡುಗ ದುಬೈನಲ್ಲಿ ಡ್ರೈವರ್ ಆಗಿದ್ದರೂ ಮಾತುಕತೆಗೆ ಬರುತ್ತಾರೆ. ದುಡ್ಡಿಗೆ ಮಾತ್ರ ಯಾರೂ ಹೋಗುವುದಿಲ್ಲ ಸಾರ್. ಊರಲ್ಲಿ ನಾಲ್ಕು ಜನರ ಮುಂದೆ ಮರ್ಯಾದೆ ಬೇಕು ಅಂತ ಹೋಗುತ್ತಾರೆ. ನನ್ನ ಜೊತೆ ಓದಿದವರಲ್ಲಿ ಮೂರು ಜನ ಹೋಗಿದ್ದು ಇದೇ ಕಾರಣಕ್ಕೆ.

ಹಳೇ ಮೈಸೂರು
ಅದು ಒಪ್ಪುವ ಮಾತು. ಆದರೂ ಆ ಮರ್ಯಾದೆ ಇಲ್ಲೇ ಸಿಗುವ ಹಾಗೆ ಮಾಡಬೇಕಲ್ಲವೇ?

ಮಳವಳ್ಳಿ ಹುಡುಗ
ಮಾಡಬೇಕು ಸಾರ್. ಅಲ್ಲಿವರೆಗೆ ಇಪ್ಪತ್ತೈದು ವರ್ಷದವನಿಗೆ ಕಾಯಿ ಅಂತ ಹೇಳೋದು ಹೇಗೆ?

ಆಖೆನ್ ಕನ್ನಡತಿ
ನಾನು ಮೈಸೂರಿನಲ್ಲಿ ಮೆಕ್ಯಾನಿಕಲ್ ಬಿಇ ಮಾಡಿ ಜರ್ಮನಿಗೆ ಬಂದೆ. ಅಕ್ಕ, ತಮ್ಮ ಮೆಕ್ಯಾನಿಕಲ್ ಆಗಿದ್ದರೆ ಈ ಕಡೆ ಒಮ್ಮೆ ನೋಡಲಿ. ಇಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ, ಪ್ರತಿ ಸೆಮಿಸ್ಟರ್‌ಗೆ ಕೆಲವು ನೂರು ಯೂರೋ ಕಟ್ಟಿದರೆ ಆಯಿತು. ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ನಮ್ಮಂಥವರು ಸೆಮಿಸ್ಟರ್‌ಗೆ 1,500 ಯೂರೋ ಕಟ್ಟಬೇಕು. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಈಗ ಶುಲ್ಕ ತೆಗೆದುಕೊಳ್ಳುತ್ತದೆ.

ಒಂದು ವರ್ಷದ ಖರ್ಚು 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ಅದು ಎಲ್ಲಿಗೂ ಹೋಗುವುದಿಲ್ಲ, ಬಂದ ಮೇಲೆ ತಿಂಗಳಿಗೆ 992ರಂತೆ ಕೈಗೆ ಸಿಗುತ್ತದೆ. ವೀಸಾಗೆ ಮುಂಚೆ ಎಪಿಎಸ್ ಅಂತ ಒಂದು ಪ್ರಮಾಣಪತ್ರ ಬೇಕು. ನಮ್ಮ ಅಂಕಪಟ್ಟಿ ಅಸಲಿಯೇ ಅಂತ ನೋಡುವುದು ಅದು. 2022ರ ನವೆಂಬರ್‌ನಿಂದ ಕಡ್ಡಾಯ.

ಕಷ್ಟ ಇಲ್ಲವೇ ಅಂದರೆ, ಇದೆ. ಕೋರ್ಸ್ ಇಂಗ್ಲಿಷಿನಲ್ಲಿ ಸಿಗುತ್ತದೆ, ಬದುಕು ಇಂಗ್ಲಿಷಿನಲ್ಲಿ ಸಿಗುವುದಿಲ್ಲ. ಮನೆ ಮಾಲೀಕರ ಕಾಗದ, ನಗರ ಕಚೇರಿಯ ನೋಂದಣಿ, ಡಾಕ್ಟರ್ ಶಾಪಿನ ಚೀಟಿ, ಎಲ್ಲಾ ಜರ್ಮನ್. ಬಂದ ಮೂರನೇ ತಿಂಗಳು ಹಲ್ಲುನೋವು ಬಂದಿತ್ತು. ಎಲ್ಲಿ ನೋವು ಅಂತ ಹೇಳಲು ಪದ ಗೊತ್ತಿಲ್ಲದೆ ಕೆನ್ನೆ ಹಿಡಿದುಕೊಂಡು ನಿಂತಿದ್ದೆ. ಆಮೇಲೆ ಹಟ ಹಿಡಿದು ಜರ್ಮನ್ ಕಲಿಕೆಯ ಬಿ1 ಹಂತ ಮುಗಿಸಿದೆ (ಎ1, ಎ2, ಬಿ1, ಬಿ2 ಅಂತ ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ). ಕೆಲಸ ಸಿಕ್ಕಿದ್ದು ಬಿ2 ಆದಮೇಲೆ. ಭಾಷೆ ಕಲಿಯದೆ ಬಂದ ನನ್ನ ಜೊತೆಯವರು ಎರಡು ವರ್ಷವಾದರೂ ಊಟ ತಲುಪಿಸುವ ಸೈಕಲ್ ಮೇಲೇ ಇದ್ದಾರೆ. ಊರಿನಲ್ಲೇ ಎ2 ಮುಗಿಸಿ ಹೊರಡಿ ಅಂತ ಕೈಮುಗಿದು ಹೇಳುತ್ತೇನೆ.

ಸಿದ್ಧಾರ್ಥನಗರ
ಇದು ಉಪಯೋಗದ ಮಾತು.

ಕುವೆಂಪುನಗರದ ಟೀಚರ್
ನಾನು ನಿವೃತ್ತ ಶಿಕ್ಷಕಿ. ಮಗ ಅಮೆರಿಕದಲ್ಲಿ ಹನ್ನೊಂದು ವರ್ಷದಿಂದ ಇದ್ದಾನೆ. ಕಳಿಸಿದ ಮೇಲೆ ಏನಾಗುತ್ತದೆ ಅಂತ ಹೇಳಲು ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ತೀರಿಕೊಂಡಾಗ ಮಗನ ವೀಸಾ ಮುದ್ರೆ ಅವಧಿ ಮುಗಿದಿತ್ತು. ಅಲ್ಲಿ ಕೆಲಸ ಮಾಡಲು ತೊಂದರೆ ಇಲ್ಲವಂತೆ. ಆದರೆ ಒಮ್ಮೆ ದೇಶ ಬಿಟ್ಟು ಬಂದರೆ, ವಾಪಸ್ ಹೋಗಲು ಇಲ್ಲಿ ಕಾನ್ಸುಲೇಟಿನಲ್ಲಿ ಹೊಸ ಮುದ್ರೆ ಹಾಕಿಸಬೇಕು. ಅದಕ್ಕೆ ಎಷ್ಟು ದಿನ ಅಂತ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಸೊಸೆ ಏಳು ತಿಂಗಳ ಬಸುರಿ. "ಅಮ್ಮ, ಬಂದುಬಿಡುತ್ತೇನೆ" ಅಂದ. ನಾನೇ ಬೇಡ ಅಂದೆ. ಸ್ಮಶಾನದಲ್ಲಿ ನನ್ನ ತಮ್ಮ ಫೋನನ್ನು ನೀರಿನ ಬಿಂದಿಗೆಗೆ ಒರಗಿಸಿ ಇಟ್ಟಿದ್ದ. ಗಾಳಿಗೆ ಎರಡು ಸಲ ಬಿತ್ತು. ಬಿದ್ದಾಗಲೆಲ್ಲಾ ಅದರೊಳಗಿಂದ "ಮಾವ, ಎತ್ತಿಡಿ, ಎತ್ತಿಡಿ" ಅಂತ ನನ್ನ ಮಗನ ದನಿ ಬರುತ್ತಿತ್ತು.

ನಾನು ಯಾರನ್ನೂ ಹೋಗಬೇಡಿ ಎನ್ನುವುದಿಲ್ಲ. ಅವನು ಕಳಿಸಿದ ಹಣದಲ್ಲೇ ಯಜಮಾನರಿಗೆ ಒಳ್ಳೆಯ ಚಿಕಿತ್ಸೆ ಆಯಿತು. ಆದರೆ ಮನೆಯಲ್ಲಿ ಎಲ್ಲರೂ ಕೂತು ಈ ಮಾತು ಮೊದಲೇ ಆಡಿಕೊಳ್ಳಿ ಮಗಳೇ. ಅಪ್ಪ, ಅಮ್ಮನಿಗೆ ಕಾಯಿಲೆಯಾದರೆ ಯಾರು ಓಡುತ್ತಾರೆ? ನಿಮ್ಮ ಮೇಲೇ ಬೀಳುತ್ತದೆ. ಅದನ್ನು ನಿಮ್ಮ ತಮ್ಮ ಬಾಯಿಬಿಟ್ಟು ಒಪ್ಪಿಕೊಳ್ಳಲಿ.

ವಾಪಸ್ ಬಂದವನು
ಟೀಚರಮ್ಮ ಹೇಳಿದ್ದು ಅಕ್ಷರಶಃ ನಿಜ. ನಾನು ಅಮೆರಿಕದಲ್ಲಿ ಒಂಬತ್ತು ವರ್ಷ ಇದ್ದು ಮಂಡ್ಯಕ್ಕೆ ವಾಪಸ್ ಬಂದಿದ್ದೇನೆ. ಎಚ್‌1ಬಿ, ಅಂದರೆ ಅಲ್ಲಿನ ಕೆಲಸದ ವೀಸಾ, ಒಂದು ಲಾಟರಿ. ವರ್ಷಕ್ಕೆ 65,000, ಅಲ್ಲೇ ಮಾಸ್ಟರ್ಸ್ ಮಾಡಿದವರಿಗೆ ಇನ್ನೊಂದು 20,000. ಗ್ರೀನ್ ಕಾರ್ಡಿಗೆ ಯಾವುದೇ ಒಂದು ದೇಶಕ್ಕೆ ಶೇ 7ಕ್ಕಿಂತ ಜಾಸ್ತಿ ಇಲ್ಲ. ನಾವು ಇಷ್ಟು ಜನ ಇರುವುದರಿಂದ ಸಾಲು ವರ್ಷಗಟ್ಟಲೆ ಉದ್ದ. ಕೆಲಸ ಹೋದರೆ ಹೊಸ ಕೆಲಸ ಹುಡುಕಲು 60 ದಿನ. ನನಗೆ ನಲವತ್ತೊಂದನೇ ದಿನ ಮಗಳು ಕೇಳಿದಳು, "ಅಪ್ಪ, ನನ್ನ ಸ್ಕೂಲ್ ಬ್ಯಾಗ್ ಪ್ಯಾಕ್ ಮಾಡಲಾ?" ಆ ರಾತ್ರಿಯೇ ಟಿಕೆಟ್ ತೆಗೆದೆ. 2025ರ ಸೆಪ್ಟೆಂಬರ್‌ನಲ್ಲಿ ಹೊರಗಿನಿಂದ ಹೊಸಬರನ್ನು ಎಚ್‌1ಬಿ ಮೇಲೆ ಕರೆಸುವ ಕಂಪನಿಗೆ 1 ಲಕ್ಷ ಡಾಲರ್ ಶುಲ್ಕ ಅಂತ ಆದೇಶ ಬಂತು. ಹೊಸ ಹುಡುಗರು ಈ ಲೆಕ್ಕವನ್ನೆಲ್ಲಾ ನೋಡಬೇಕು.

ಶಾರ್ಜಾ ವೆಲ್ಡರ್
ಓದಿದವರ ಕಥೆ ಆಯಿತು, ನಮ್ಮದೂ ಕೇಳಿ. ನಾನು ನಾಗಮಂಗಲ ಕಡೆಯವನು, ಎಸ್‌ಎಸ್‌ಎಲ್‌ಸಿ ಪಾಸಾಗಿಲ್ಲ. ಅಂಥವರ ಪಾಸ್‌ಪೋರ್ಟ್ ಇಸಿಆರ್. ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು. ಇದು ಗೊತ್ತಿಲ್ಲದೆ ಮೊದಲ ಸಲ ಒಬ್ಬ ಏಜೆಂಟ್‌ಗೆ ಒಂದೂವರೆ ಲಕ್ಷ ಕೊಟ್ಟು ವಿಸಿಟ್ ವೀಸಾದಲ್ಲಿ ಹೋದೆ. ಅಲ್ಲಿ ಹೋದರೆ ವೆಲ್ಡಿಂಗ್ ಕೆಲಸವೇ ಇಲ್ಲ, ಹೆಲ್ಪರ್ ಕೆಲಸ. ಹೇಳಿದ ಸಂಬಳದ ಅರ್ಧ. ಪಾಸ್‌ಪೋರ್ಟ್ ಅವರ ಡ್ರಾಯರ್‌ನಲ್ಲಿ. ಹೆಂಡತಿಯ ಸರ ಬ್ಯಾಂಕಿನಲ್ಲಿ ಅಡ ಇತ್ತು, ಬಿಟ್ಟು ಬರಲೂ ಆಗಲಿಲ್ಲ.

ಎರಡನೇ ಸಲ ಸರಿಯಾದ ದಾರಿಯಲ್ಲಿ ಹೋದೆ. ಇ-ಮೈಗ್ರೇಟ್ ಅಂತ ಸರ್ಕಾರದ ವೆಬ್‌ಸೈಟ್ ಇದೆ, ಲೈಸೆನ್ಸ್ ಇರುವ ಏಜೆಂಟರ ಹೆಸರು ಅಲ್ಲಿದೆ. ಕಾನೂನಿನ ಪ್ರಕಾರ ಅವರು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಒಂದು ಪೈಸೆ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. 10 ಲಕ್ಷದ ವಿಮೆ ಕೂಡ ಆಗುತ್ತದೆ, ಎರಡು ವರ್ಷಕ್ಕೆ 275 ರೂಪಾಯಿ. ಈ ಮಾಹಿತಿ ನಮ್ಮೂರ ಟೀ ಅಂಗಡಿಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದರೆ ನನ್ನ ಒಂದೂವರೆ ಲಕ್ಷ ಉಳಿಯುತ್ತಿತ್ತು.

ಕಬ್ಬಿನ ಗಾಡಿ
@ಶಾರ್ಜಾ ಬಿಸಿಲು ಹೇಗಣ್ಣ ಅಲ್ಲಿ?

ಶಾರ್ಜಾ ವೆಲ್ಡರ್
ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವ ಹಾಗಿಲ್ಲ ಅಂತ ನಿಯಮ ಇದೆ. ಉಳಿದ ಹೊತ್ತಿನಲ್ಲೂ ಕಬ್ಬಿಣ ಬರಿಗೈಲಿ ಮುಟ್ಟಲು ಆಗಲ್ಲ ಕಣಣ್ಣ.

ಲಂಡನ್ ನರ್ಸ್, ಊರು ಟಿ. ನರಸೀಪುರ
ಶಾರ್ಜಾ ಅಣ್ಣನ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ಬ್ರಿಟನ್‌ನಲ್ಲಿ ಕೇರ್ ವರ್ಕರ್ ಕೆಲಸ ಕೊಡಿಸುತ್ತೇವೆ ಅಂತ ಈಗಲೂ ಲಕ್ಷಗಟ್ಟಲೆ ಕೇಳುವವರು ಇದ್ದಾರೆ. 2025ರ ಜುಲೈ 22ರಿಂದ ಹೊರದೇಶದಿಂದ ಹೊಸದಾಗಿ ಆ ಕೆಲಸಕ್ಕೆ ಕರೆಸಿಕೊಳ್ಳುವುದನ್ನೇ ನಿಲ್ಲಿಸಿದ್ದಾರೆ. ಯಾರಿಗೂ ದುಡ್ಡು ಕೊಡಬೇಡಿ. ನರ್ಸಿಂಗ್ ಓದಿದವರ ದಾರಿ ಬೇರೆ. ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರ್ ಪರೀಕ್ಷೆ, ಇಲ್ಲಿಗೆ ಬಂದ ಮೇಲೆ ಕೈಯಾರೆ ಮಾಡಿ ತೋರಿಸುವ ಪರೀಕ್ಷೆ. ನನ್ನಿಂದ ಯಾರೂ ಏಜೆಂಟ್ ಫೀಸ್ ತೆಗೆದುಕೊಂಡಿಲ್ಲ.

ಕೆಲಸಕ್ಕಿಂತ ಕಷ್ಟ ಒಂಟಿತನ. ಹನ್ನೆರಡು ಗಂಟೆ ಪಾಳಿ ಮುಗಿಸಿ ರೂಮಿಗೆ ಬಂದರೆ "ಊಟ ಆಯ್ತಾ" ಅಂತ ಕೇಳುವವರು ಇಲ್ಲ.

ವಿ.ವಿ. ಮೊಹಲ್ಲಾ ಬ್ಯಾಂಕ್
ಅಕ್ಕನ ದುಡ್ಡಿನ ಪ್ರಶ್ನೆಗೆ ಬರುತ್ತೇನೆ. ನಾನು ಬ್ಯಾಂಕಿನಲ್ಲಿ ಎಜುಕೇಶನ್ ಲೋನ್ ನೋಡಿಕೊಳ್ಳುತ್ತಿದ್ದೆ. ಕೃಷಿ ಜಮೀನನ್ನು ಅಡಮಾನವಾಗಿ ನಾವು ತೆಗೆದುಕೊಳ್ಳುತ್ತಿರಲಿಲ್ಲ. ಸೈಟು, ಮನೆ, ಎಫ್‌ಡಿ ಇದ್ದರೆ ದಾರಿ ಸುಲಭ. ಒಳ್ಳೆಯ ವಿಶ್ವವಿದ್ಯಾಲಯದ ಸೀಟು ಇದ್ದರೆ ಅಡಮಾನ ಇಲ್ಲದೆಯೂ ಸಿಗಬಹುದು. ಸಾಲ ಯಾರ ಹೆಸರಿನಲ್ಲಿ ಇದೆಯೋ ಅವರು ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಬಡ್ಡಿಗೆ 8 ವರ್ಷ ಆದಾಯ ತೆರಿಗೆ ವಿನಾಯಿತಿ ಪಡೆಯಬಹುದು. ಇನ್ನೊಂದು ವಿಷಯ. ಗದ್ದೆ ಮಾರಿದ ಸ್ವಂತ ಹಣವನ್ನು ವರ್ಷಕ್ಕೆ 10 ಲಕ್ಷ ದಾಟಿ ಹೊರಗೆ ಕಳಿಸಿದರೆ ಟಿಸಿಎಸ್ ಅಂತ ಬ್ಯಾಂಕಿನಲ್ಲೇ ತೆರಿಗೆ ಹಿಡಿಯುತ್ತಾರೆ, ರಿಟರ್ನ್ಸ್ ಹಾಕಿ ವಾಪಸ್ ಪಡೆಯಬೇಕು. ಬ್ಯಾಂಕಿನ ಎಜುಕೇಶನ್ ಲೋನ್ ಹಣಕ್ಕೆ ಅದಿಲ್ಲ.

ಪಹಣಿ
ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ಇವತ್ತು ಗದ್ದೆ ಮಾರಿ, ನಾಳೆ ದುಡಿದು ಮತ್ತೆ ಕೊಳ್ಳುತ್ತೇನೆ ಅಂತ ತಮ್ಮ ಅಂದುಕೊಂಡಿರಬಹುದು. ಎನ್‌ಆರ್‌ಐ ಆದವರು, ಬೇರೆ ದೇಶದ ಪೌರತ್ವ ಪಡೆದು ಒಸಿಐ ಕಾರ್ಡ್ ಇರುವವರು ಭಾರತದಲ್ಲಿ ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಸೈಟು, ಮನೆ ಕೊಳ್ಳಬಹುದು, ಗದ್ದೆ ಆಗುವುದಿಲ್ಲ. ನಮ್ಮ ಸಂಬಂಧಿಕರೊಬ್ಬರು ಇಪ್ಪತ್ತು ವರ್ಷ ದುಡಿದು ತಂದೆ ಮಾರಿದ ಗದ್ದೆಯನ್ನೇ ಕೊಳ್ಳಲು ಬಂದು, ನೋಂದಣಿ ಕಚೇರಿ ಬಾಗಿಲಿನಿಂದ ವಾಪಸ್ ಹೋದರು.

ಸಿದ್ಧಾರ್ಥನಗರ
@ಪಹಣಿ ಪಿತ್ರಾರ್ಜಿತವಾಗಿ ಬರುತ್ತದಲ್ಲ?

ಪಹಣಿ
ಬರುತ್ತದೆ, ಅದನ್ನೇ ಹೇಳುತ್ತಿರುವುದು. ಅಪ್ಪ ಉಳಿಸಿಕೊಂಡರೆ ಅವನು ಎಲ್ಲೇ ಇದ್ದರೂ ವಾರಸುದಾರನಾಗಿ ಸಿಗುತ್ತದೆ, ಜೊತೆಗೆ ಅಕ್ಕನಿಗೂ ಪಾಲಿದೆ. ಮಾರಿದರೆ ಇಬ್ಬರಿಗೂ ಹೋಯಿತು.

ಕಬ್ಬಿನ ಗಾಡಿ
ನಾನು ಮೊದಲೇ ಹೇಳಿದ್ದೆ.

ಹುಣಸೂರು ಸೀಮೆ
ಸ್ವಲ್ಪ ಬೇರೆ ವಿಷಯ. ಹೊರದೇಶ ಅಂದರೆ ಡಿಗ್ರಿ ಇದ್ದವರು ಮಾತ್ರ ಅಂದುಕೊಳ್ಳುತ್ತೇವೆ. ನಮ್ಮ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ ಎಣ್ಣೆ ಹಿಡಿದುಕೊಂಡು ಆಫ್ರಿಕಾದ ಎಷ್ಟೋ ದೇಶ ಸುತ್ತಿ ಬರುತ್ತಾರೆ. ಶಾಲೆ ಕಾಣದ ಹೆಂಗಸರು ಅಲ್ಲಿನ ಭಾಷೆಯಲ್ಲಿ ಚೌಕಾಸಿ ಮಾಡುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಗುಂಡು ಹಾರುವಾಗ ಅವರೇ ಸಿಕ್ಕಿಹಾಕಿಕೊಂಡಿದ್ದು. ಆಪರೇಷನ್ ಕಾವೇರಿಯಲ್ಲಿ ಕರೆತಂದರು. ಬಂದವರ ಸರಕೆಲ್ಲಾ ಅಲ್ಲೇ ಉಳಿಯಿತು, ಬಡ್ಡಿ ಸಾಲ ಇಲ್ಲಿ ಉಳಿಯಿತು. ಅವರ ಧೈರ್ಯ ದೊಡ್ಡದು.

ಮಳವಳ್ಳಿ ಹುಡುಗ
ನಿಜ. ಅವರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಆಖೆನ್ ಕನ್ನಡತಿ
ವಿಷಯ ಬದಲಾಯಿಸುತ್ತೇನೆ, ಕ್ಷಮಿಸಿ. ಮುದ್ದೆ ಕೋಲು ತರುವುದನ್ನು ಮರೆಯಬೇಡಿ. ನಾನು ಮರದ ಸೌಟಿನಲ್ಲಿ ತಿರುವಲು ಹೋಗಿ ಮೂರು ಸೌಟು ಮುರಿದೆ.

ಬ್ರಾಂಪ್ಟನ್‌ನಲ್ಲಿ ಕೆ.ಆರ್. ಪೇಟೆ
ಇಲ್ಲಿ ಅಂಗಡಿಯಲ್ಲಿ ರಾಗಿ ಹಿಟ್ಟು ಸಿಗುತ್ತೆ. ಆದರೆ ನಮ್ಮ ಮಿಲ್ಲಿನ ಹಿಟ್ಟಿನ ಹಾಗೆ ಅಂಟು ಬರಲ್ಲ. ಒಗ್ಗರಣೆ ಹಾಕುವಾಗ ಕಿಟಕಿ ತೆಗೆದು ಹಾಕಿ, ಇಲ್ಲದಿದ್ದರೆ ಹೊಗೆ ಅಲಾರಂ ಕೂಗಿ ಇಡೀ ಮನೆ ಎದ್ದುಬಿಡುತ್ತೆ.

ಲಂಡನ್ ನರ್ಸ್, ಊರು ಟಿ. ನರಸೀಪುರ
ಹುರುಳಿ ಕಟ್ಟಿನ ಸಾರು ಮಾಡಿದ ದಿನ ನನ್ನ ಫಿಲಿಪೀನ್ಸ್ ಗೆಳತಿ ಎರಡು ಲೋಟ ಕುಡಿದಳು. ಆವತ್ತಿನಿಂದ ನಾವಿಬ್ಬರೂ ಒಟ್ಟಿಗೆ ಊಟ ಮಾಡುತ್ತೇವೆ.

ಪಾಂಡವಪುರದ ಅಕ್ಕ
ಎಲ್ಲರಿಗೂ ಕೈಮುಗಿಯುತ್ತೇನೆ. ಭಾನುವಾರ ಊರಿಗೆ ಹೋಗಿ, ಹಜಾರದಲ್ಲಿ ಕೂತು ನಿಮ್ಮೆಲ್ಲರ ಮಾತನ್ನು ಅಪ್ಪನಿಗೆ ಜೋರಾಗಿ ಓದಿ ಹೇಳಿದೆ. ಬ್ರೆಡ್ಡಿನ ಕವರಿನ ಮಾತು ಬಂದಾಗ ಅಪ್ಪ "ಇನ್ನೊಂದು ಸಲ ಓದು" ಅಂದರು. ಟೀಚರಮ್ಮನ ಮಾತಿಗೆ ತಮ್ಮ ಎದ್ದು ಹಿತ್ತಿಲಿಗೆ ಹೋದ. ಸ್ವಲ್ಪ ಹೊತ್ತಿಗೆ ಬಂದು, "ಅಮ್ಮನಿಗೆ ಏನಾದರೂ ಆದರೆ ಬಂದೇ ಬರುತ್ತೇನೆ ಅಂತ ಮಾತು ಕೊಡಲು ನನ್ನಿಂದ ಆಗಲ್ಲ ಅಕ್ಕ, ಆದರೆ ನಿನ್ನೊಬ್ಬಳ ಮೇಲೆ ಬಿಡಲ್ಲ" ಅಂದ. ಅವನು ಸುಳ್ಳು ಹೇಳಲಿಲ್ಲ, ಅದು ನನಗೆ ಸಾಕು.

ಕೋರ್ಸ್ ಪಟ್ಟಿಯಲ್ಲಿ ಇಲ್ಲ, ಅವನೇ ನೋಡಿದ. ಹಾಳೆ ಬೀರುವಿನಿಂದ ಕಿತ್ತಿದ್ದಾನೆ. ಸರಸ್ವತಿಪುರಂನಲ್ಲಿ ಸಂಜೆ ಜರ್ಮನ್ ತರಗತಿ ವಿಚಾರಿಸಿದ್ದಾನೆ, ಕೆಲಸ ಬಿಡುವುದಿಲ್ಲ. ಗದ್ದೆ ಕೇಳಿದವರಿಗೆ ಅಪ್ಪ ಫೋನ್ ಮಾಡಿ ಸದ್ಯಕ್ಕೆ ಇಲ್ಲ ಅಂದರು. ಅಮ್ಮ ರಾತ್ರಿ ಊಟ ಮಾಡಿದರು.

ಅಪ್ಪನದು ಒಂದು ಪ್ರಶ್ನೆ ಉಳಿದಿದೆ. ಆ 11,904 ಯೂರೋ ಇಟ್ಟ ಮೇಲೆ ವೀಸಾ ಸಿಗದಿದ್ದರೆ ದುಡ್ಡು ವಾಪಸ್ ಬರುತ್ತದಾ?

ಆಖೆನ್ ಕನ್ನಡತಿ
ಬರುತ್ತೆ ಅಕ್ಕ. ವೀಸಾ ತಿರಸ್ಕಾರದ ಪತ್ರ ಕೊಟ್ಟರೆ ಖಾತೆ ಮುಚ್ಚಿ ಹಣ ಕಳಿಸುತ್ತಾರೆ, ಅವರ ಫೀಸ್ ಮಾತ್ರ ಸ್ವಲ್ಪ ಹೋಗಬಹುದು. ಮೊದಲು ಎಪಿಎಸ್‌ಗೆ ಹಾಕಲಿ. ಏನೇ ಕೇಳುವುದಿದ್ದರೂ ಇಲ್ಲೇ ಬರೆಯಲಿ, ನಾನು ದಿನಾ ನೋಡುತ್ತಿರುತ್ತೇನೆ.